ಪಲೋಮಾಳ ಪಾಯಿಂಟ್ ತೆಗೆಸಿದೆ

ತಾಸ್ಕೊ
ಭಾನುವಾರ, ನವೆಂಬರ್ 14, 1999

ಪ್ರೀತಿಯ ಅಳಿಯ ಎಲಿಸೆಯೋಗೆ (ಅಳಿಯ ಅಂತ ಈಗಲೂ ಬರೆಯಬಹುದೋ ಇಲ್ಲವೋ ತಿಳಿಯಲಿಲ್ಲ, ಬರೆದಾಯಿತು, ಬೇಡವಾದರೆ ಆ ಪದ ಬಿಟ್ಟು ಓದಿಕೊ),

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತಾ? ದೋಣಿಯ ಎಂಜಿನ್ ಒಬ್ಬನೇ ಎತ್ತಬೇಡ, ಯಾರನ್ನಾದರೂ ಜೊತೆಗೆ ಕರಿ ಎಂದು ಮೇ ತಿಂಗಳಲ್ಲಿ ಬಂದಾಗಲೇ ಹೇಳಿದ್ದೆ. ನೀನು ತಲೆ ಆಡಿಸಿದೆ. ನೀನು ತಲೆ ಆಡಿಸಿದರೆ ಕೇಳಿಸಿಕೊಂಡಿಲ್ಲ ಎಂದೇ ಅರ್ಥ, ನನಗೆ ಗೊತ್ತಿಲ್ಲವೇ. ಸೆಪ್ಟೆಂಬರಿನಲ್ಲಿ ನಿಮ್ಮ ಸಿವಾತನೆಹೊ ಕಡೆ ಸಮುದ್ರ ಎದ್ದಿದೆ ಎಂದು ರೇಡಿಯೋದವನು ಹೇಳಿದ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೇ ದಿನ ಅದು ಬರೀ ಮಳೆ ಎಂದು ಅವನೇ ಹೇಳಿದ, ಮೊದಲೇ ಹೇಳುವುದಕ್ಕೆ ಅವನಿಗೇನಾಗಿತ್ತು. ನಾನು ಚೆನ್ನಾಗಿದ್ದೇನೆ. ಮಂಡಿ ಅದರ ಪಾಡಿಗೆ ನೋಯುತ್ತದೆ, ನಾನು ನನ್ನ ಪಾಡಿಗೆ ಬೈಯುತ್ತೇನೆ. ಬೆಳ್ಳಿ ಉಜ್ಜುವ ಕೆಲಸ ಇದೆ, ಕ್ರಿಸ್‌ಮಸ್ಸಿನವರೆಗೂ ಉಂಗುರ, ಓಲೆ ಬರುತ್ತಲೇ ಇರುತ್ತವೆ. ಕಣ್ಣು ಮಂಜಾದರೂ ಬೆರಳಿಗೆ ಹೊಳಪು ಗೊತ್ತಾಗುತ್ತದೆ. ಒಂಬತ್ತನೇ ವಯಸ್ಸಿಗೆ ಶಾಲೆ ಬಿಡಿಸಿ ಆ ಚಕ್ರದ ಮುಂದೆ ಕೂರಿಸಿದರು, ಬೆರಳು ಕಲಿಯದೆ ಏನು ಮಾಡುತ್ತದೆ. ಅಕ್ಷರ ಸರಿಯಾಗಿ ಕಲಿತಿದ್ದರೆ ಈ ಕಾಗದ ಇನ್ನೂ ಸ್ವಲ್ಪ ನೇರವಾಗಿರುತ್ತಿತ್ತು.

ಫೋನ್ ಮಾಡದೆ ಕಾಗದ ಯಾಕೆ ಎಂದು ಯೋಚಿಸುತ್ತಿರುತ್ತೀಯ. ಅದನ್ನೂ ಹೇಳುತ್ತೇನೆ, ಅವಸರ ಮಾಡಬೇಡ. ನಾನೇ ಅವಸರ ಮಾಡುವವಳು, ಅದಕ್ಕೆ ಮೊದಲು ದೊಡ್ಡ ಸುದ್ದಿ ಹೇಳಿಬಿಡುತ್ತೇನೆ. ಪಲೋಮಾಳ ಪಾಯಿಂಟ್ ತೆಗೆಸಿದೆ. ಮೊನ್ನೆ ಶುಕ್ರವಾರ, ಕಾರಿಗೆ ಕಿಡಿ ಕೊಡುವ ಆ ಹಳೇ ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಹಾಕಿಸಿದೆ. ಕಾಗದ ಹರಿದು ಹಾಕಬೇಡ, ಪೂರ್ತಿ ಓದು. ಬೇರೆ ಯಾರ ಕೈಗೂ ಪಾಯಿಂಟಿರುವ ಆ ಡಬ್ಬಿ ಮುಚ್ಚಳ ಬಿಚ್ಚಲು ಕೊಡಬೇಡಿ ಅತ್ತೆ ಎಂದು ನೀನು ಹೇಳಿದ್ದು ನನಗೆ ನೆನಪಿದೆ. ಆರು ವರ್ಷ ಕೊಟ್ಟಿರಲಿಲ್ಲ, ಅದೂ ನಿನಗೆ ನೆನಪಿರಲಿ.

ನನ್ನ ಮಗಳು ಇಮೆಲ್ಡಾ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಇದ್ದಕ್ಕಿದ್ದಂತೆ ಬಿದ್ದು ಪ್ರಾಣ ಬಿಟ್ಟ ಆ ವರ್ಷ, ನೀನು ಸಮುದ್ರದೂರಿಗೆ ಹೊರಟಾಗ, ಕಾರನ್ನೂ ಒಯ್ಯುತ್ತೀಯ ಎಂದುಕೊಂಡಿದ್ದೆ. ಅದು ನಿಮ್ಮಿಬ್ಬರದು. ಬಿಳೀ ಬಣ್ಣ ನೋಡಿ ಪಲೋಮಾ, ಪಾರಿವಾಳ, ಎಂದು ಹೆಸರಿಟ್ಟವಳೂ ಅವಳೇ. ನೀನು ಅದರ ಗುಂಡು ಬೆನ್ನಿನ ಮೇಲೆ ಕೈಯಿಟ್ಟು, 'ಇಲ್ಲೇ ಇರ್ಲಿ ಅತ್ತೆ, ಉಪ್ಪುಗಾಳಿಗೆ ಇವಳ ಮೈ ತಡೆಯಲ್ಲ' ಅಂದೆ. 'ಮೂರು ತಿಂಗಳಿಗೊಂದ್ಸಲ ಪಾಯಿಂಟ್ ಸವೆದು ಗ್ಯಾಪ್ ಹೋಗತ್ತೆ, ನಾನೇ ಬಂದು ನೋಡ್ತೀನಿ' ಅಂದೆ. ಮೊದಲ ಸಲ ಬಂದಾಗ ನೀನು ಗ್ಯಾಪ್ ಅಳೆಯುವ ತಗಡು ತರುವುದನ್ನೇ ಮರೆತಿದ್ದೆ. ಮನೆಯೊಳಗೆ ಸುತ್ತಿದೆ, ಬೆಂಕಿಪೊಟ್ಟಣ ಮುಟ್ಟಿದೆ, ಕ್ಯಾಲೆಂಡರ್ ಮುಟ್ಟಿದೆ, ಕೊನೆಗೆ ಡ್ರಾಯರಿನಲ್ಲಿ ಮಿಕ್ಕಿದ್ದ ನಿಮ್ಮ ಮದುವೆ ಕರೆಯೋಲೆ ಸಿಕ್ಕಿತು. ಅದರ ಅಂಚಿನಿಂದ ಬೆರಳಗಲ ಕತ್ತರಿಸಿ ಪಾಯಿಂಟಿನ ನಡುವೆ ತೂರಿಸಿದೆ. 'ಸರಿಯಾಗಿ ಇಷ್ಟೇ ದಪ್ಪ ಬೇಕಿತ್ತು ಅತ್ತೆ' ಅಂದೆ, ಅಷ್ಟೇ. ಆಮೇಲೆ ಪ್ರತಿ ಸಲ ಒಳ್ಳೆ ತಗಡು ತರುತ್ತಿದ್ದೆ, ಆದರೂ ಜೇಬಿಗೆ ಹಾಗೇ ವಾಪಸ್ ಹೋಗುತ್ತಿತ್ತು. ಆ ಚೂರನ್ನೇ ತೆಗೆಯುತ್ತಿದ್ದೆ. ಅದರ ಮೇಲೆ ಅವಳ ಹೆಸರಿನ ಕೊನೆಯ ಮೂರು ಅಕ್ಷರ ಇದ್ದವು, ಎಣ್ಣೆ ಹತ್ತಿ ಹತ್ತಿ ಈಗ ಒಂದು ಉಳಿದಿದೆ.

ಫೆಬ್ರವರಿ, ಮೇ, ಆಗಸ್ಟ್, ನವೆಂಬರ್. ನನ್ನ ವರ್ಷಕ್ಕೆ ಇದ್ದದ್ದೇ ನಾಲ್ಕು ತಿಂಗಳು. ನೀನು ಬುಧವಾರ ಬಸ್ಸು ಹತ್ತಿ ಗುರುವಾರ ಬೆಳಿಗ್ಗೆ ಇಳಿಯುತ್ತಿದ್ದೆ, ಹಸಿರು ಪೊಸೋಲೆ, ನಮ್ಮ ಮೆಕ್ಕೆಜೋಳದ ಸಾರು, ಗುರುವಾರವೇ ಆಗುವುದರಿಂದ ಅದು ತಿನ್ನುವುದಕ್ಕೇ ಬರುತ್ತೀಯ ಎಂದು ತೋನ್ಯಾ ರೇಗಿಸುತ್ತಿದ್ದಳು. ಇಮೆಲ್ಡಾಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡವಳಲ್ಲವೇ, ನಿನ್ನನ್ನು ರೇಗಿಸಲು ಅವಳಿಗೆ ಹಕ್ಕಿದೆ. ನೀನು ಮುಚ್ಚಳ ಬಿಚ್ಚಿ, ಪಾಯಿಂಟ್ ಸರಿಮಾಡಿ, ಸಣ್ಣ ಬಲ್ಬಿನ ತಂತಿ ಸಿಕ್ಕಿಸಿ, ಬಲ್ಬು ಹತ್ತುವ ತನಕ ಆ ಡಬ್ಬಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಕೂರುತ್ತಿದ್ದೆ. ಆಮೇಲೆ ಕೀಲಿ ತಿರುಗಿಸಿ, 'ಬಾ ಹೆಣ್ಣೇ, ಬಾ' ಅನ್ನುತ್ತಿದ್ದೆ. ನಾನು ಅಡುಗೆಮನೆಯಲ್ಲಿ ಅದನ್ನು ಕೇಳಲೆಂದೇ ನಲ್ಲಿ ನಿಲ್ಲಿಸುತ್ತಿದ್ದೆ. ನಾವಿಬ್ಬರೂ ಇಮೆಲ್ಡಾಳ ಹೆಸರು ಎತ್ತಲಿಲ್ಲ. ಕಾರು ಕೆಮ್ಮುತ್ತದೆಯಾ, ಕಾರು ಬೆಳಿಗ್ಗೆ ಏಳಲು ತಕರಾರು ಮಾಡುತ್ತದೆಯಾ, ಅಷ್ಟೇ ನಮ್ಮ ಮಾತು. ಅಷ್ಟು ಸಾಕಾಗುತ್ತಿತ್ತು.

ಒಂದು ವಿಷಯ ಹೇಳಬೇಕು, ಪಾದ್ರಿಗೂ ಹೇಳಿಲ್ಲ. ಹೋದ ವರ್ಷ ಏಪ್ರಿಲ್‌ನಲ್ಲಿ, ನಿನ್ನ ಸರದಿಗೆ ಇನ್ನೂ ತಿಂಗಳಿರುವಾಗ, ಕಾರು ಕೆಟ್ಟಿದೆ ಬಾ ಎಂದು ಫೋನ್ ಮಾಡಿದ್ದೆನಲ್ಲ. ಅದು ಕೆಟ್ಟಿರಲಿಲ್ಲ. ಪಾಯಿಂಟಿನ ಆ ಸ್ಕ್ರೂವನ್ನು ನಾನೇ ಸಡಿಲ ಮಾಡಿದ್ದೆ. ಆ ವಾರ ಇಮೆಲ್ಡಾಳ ಹುಟ್ಟುಹಬ್ಬ ಬರುವುದಿತ್ತು, ಮನೆಯಲ್ಲಿ ಒಬ್ಬಳೇ ಇರಲಾರೆ ಎನಿಸಿತು. ನೀನು ಬಂದೆ, ಮುಚ್ಚಳ ತೆಗೆದೆ, ಸ್ಕ್ರೂ ನೋಡಿದೆ, ಅದರ ತಲೆಯ ಮೇಲೆ ನನ್ನ ಅಡುಗೆ ಚಾಕುವಿನ ಗೀರು ನೋಡಿದೆ. ಸ್ಕ್ರೂ ಬಿಗಿ ಮಾಡುತ್ತ, 'ಈ ಕಲ್ಲುರಸ್ತೆ ಕುಲುಕಾಟಕ್ಕೆ ಸಡಿಲ ಆಗಿದೆ ಅತ್ತೆ, ಆಗತ್ತೆ' ಅಂದೆ. ಆ ಸುಳ್ಳಿಗೆ ದೇವರು ನಿನಗೆ ಒಳ್ಳೆಯದು ಮಾಡಲಿ.

ಈ ಆಗಸ್ಟಿನಲ್ಲಿ ನೀನು ಬರಲಿಲ್ಲ. ದೂರುತ್ತಿಲ್ಲ, ಕೆಲಸ ಇರುತ್ತದೆ. ನಾಲ್ಕು ಗುರುವಾರ ಪೊಸೋಲೆ ಮಾಡಿದೆ, ತೋನ್ಯಾ ದಪ್ಪಗಾದಳು. ಸೆಪ್ಟೆಂಬರಿಗೆ ಪಲೋಮಾ ಕೆಮ್ಮತೊಡಗಿದಳು, ಇಳಿಜಾರಿನಲ್ಲಿ ತಳ್ಳಿ ಎಬ್ಬಿಸುವ ಹಾಗಾಯಿತು. ನಾನು ಯೋಚಿಸಿದ್ದು ಕಾರಿನದಲ್ಲ. ಬೆನ್ನು ಪೂರ್ತಿ ಹೋಯಿತೇನೋ, ದೋಣಿ ಮಗುಚಿತೇನೋ, ಬಸ್ಸು ಕಣಿವೆಗೆ ಬಿತ್ತೇನೋ ಎಂದು ಎಲ್ಲ ಯೋಚಿಸಿ ಮುಗಿಸಿ ಮೂಲೆಯಂಗಡಿಯಿಂದ ಫೋನ್ ಮಾಡಿದೆ. ಒಬ್ಬಳು ಎತ್ತಿದಳು. 'ಎಲಿಸೆಯೋ ದೋಣಿ ಹತ್ರ ಹೋಗಿದ್ದಾನೆ, ಇನ್ನೇನು ಬರ್ತಾನೆ. ಯಾರು ಅಂತ ಹೇಳ್ಲಿ?' ಅಂದಳು. ಹಿಂದೆ ಎಣ್ಣೆಯಲ್ಲಿ ಏನೋ ಚುರುಗುಟ್ಟುತ್ತಿತ್ತು, ಮೀನಿರಬೇಕು. ಒಳ್ಳೆಯ ದನಿ, ಮೆತ್ತಗಿನ ದನಿ. ಒಲೆ ಬಿಟ್ಟು ಬಂದಿದ್ದರೂ ಸಿಡುಕಲಿಲ್ಲ. ಯಾರು ಅಂತ ಹೇಳ್ಲಿ ಎಂದು ಇನ್ನೊಂದು ಸಲ ಕೇಳಿದಳು. ಯಾರು ಅಂತ ಹೇಳಲಿ ಮಗನೇ? ಅತ್ತೆ ಅನ್ನಲಾ? ಯಾರ ಅತ್ತೆ? ಸತ್ತ ಹೆಂಡತಿಯ ತಾಯಿ ಅನ್ನಲಾ, ಅವಳ ಮೀನು ಹೊತ್ತುವ ಹೊತ್ತಿನಲ್ಲಿ? ಕಾರು ಕೆಟ್ಟಿದೆ ಅಂತ ಹೇಳಿ ಅನ್ನಲಾ? ಇಟ್ಟುಬಿಟ್ಟೆ. ಅಂಗಡಿಯವನು 'ಸಿಗ್ಲಿಲ್ವಾ?' ಅಂದ. ಸಿಕ್ಕಿತು ಅಂದೆ.

ಇನ್ನು ಫೋನ್ ಮಾಡಬಾರದು ಎಂದುಕೊಂಡೆ. ನಾನೇ ಪಾಯಿಂಟ್ ಸರಿ ಮಾಡಿಕೊಳ್ಳುತ್ತೇನೆ, ಇಷ್ಟು ವರ್ಷ ನೋಡಿಲ್ಲವೇ ಎಂದುಕೊಂಡೆ. ಮುಚ್ಚಳ ತೆಗೆದರೆ ಆ ಎರಡು ಪುಟ್ಟ ಬಿಲ್ಲೆಗಳು ಸುಟ್ಟು ಕಪ್ಪಾಗಿದ್ದವು. ಎಲ್ಲರೂ ಅದನ್ನು ಪ್ಲಾಟಿನಂ ಅಂತಲೇ ಕರೆಯುತ್ತಾರೆ. ಐವತ್ತು ವರ್ಷ ಬೆಳ್ಳಿ ಉಜ್ಜಿದವಳ ಮುಂದೆ ಕಪ್ಪಾದ ಲೋಹ ಇಟ್ಟರೆ ಅವಳ ಕೈ ಸುಮ್ಮನಿರುತ್ತದೆಯೇ? ಕೆಂಪು ಪಾಲಿಶ್ ಮೇಣ ಹಚ್ಚಿ, ಸಣ್ಣ ಬಟ್ಟೆ ಕಡ್ಡಿಗೆ ಸುತ್ತಿ, ಕನ್ನಡಿಯ ಹಾಗೆ ಹೊಳೆಯುವ ತನಕ ಉಜ್ಜಿದೆ. ನಿನ್ನ ಕರೆಯೋಲೆ ಚೂರು ತೂರಿಸಿ ಗ್ಯಾಪ್ ಇಟ್ಟೆ. ಎದ್ದಳು! ಅಂಗಳದಲ್ಲಿ ನಿಂತು ಒಬ್ಬಳೇ ಕೈತಟ್ಟಿಕೊಂಡೆ. ನಿನ್ನ ಹಂಗಿಲ್ಲ ಎಂದು ಜಂಬ ಬಂತು, ಹಿಂದೆಯೇ ಅಳುವೂ ಬಂತು.

ಹುಮೀಲ್ ಸೋಮವಾರ ಬಂತು. ಊರಿನವರೆಲ್ಲ ವಿಸ್ತೆಕೊ ಗುಡ್ಡ ಹತ್ತುವ ದಿನ, ನೀನು ಎರಡೇ ಸಲ ಬಂದಿದ್ದರೂ ಮರೆತಿರಲಾರೆ. ಮೊದಲ ಸಲ ಇಮೆಲ್ಡಾ ನಿನ್ನ ಅಂಗೈಯಲ್ಲಿ ಜೀವ ಇರುವ ಹುಮೀಲ್ ಹುಳ ಬಿಟ್ಟು, 'ತಿಂದ್ರೆ ನಮ್ಮ ಮನೆ ಅಳಿಯ, ಇಲ್ದಿದ್ರೆ ಮೀನು ಹಿಡಿಯೋಕೆ ವಾಪಸ್ ಹೋಗು' ಅಂದಿದ್ದಳು. ನೀನು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡೆ, ಮುಖ ಹಸಿರಾಯಿತು, ನುಂಗಿದೆ. ಈ ಸಲ ನಾನೂ ತೋನ್ಯಾಳೂ ಪಲೋಮಾದಲ್ಲಿ ಹೊರಟೆವು. ಅರ್ಧ ಗುಡ್ಡದಲ್ಲಿ, ಓಕ್ ಮರಗಳು ಶುರುವಾಗುವ ಆ ಕಡಿದಾದ ತಿರುವಿನಲ್ಲಿ, ಸದ್ದೇ ಇಲ್ಲದೆ ನಿಂತಳು. ಹಿಂದಕ್ಕೆ ಜಾರತೊಡಗಿದಳು. ನಾನು ಬ್ರೇಕ್ ಒತ್ತಿ ಸಂತರನ್ನೆಲ್ಲ ಕರೆದೆ, ತೋನ್ಯಾ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. 'ನಡ್ಕೊಂಡು ಬಂದಿದ್ರೆ ಇಷ್ಟೊತ್ತಿಗೆ ಹುಳ ಹೊಟ್ಟೇಲಿರ್ತಿತ್ತು ಕಣೇ' ಎಂದು ಕಲ್ಲಿನ ಮೇಲೆ ಕೂತಳು.

ಎಲೆಕ್ಟ್ರಿಷಿಯನ್ ಕ್ರಿಸ್ಪೀನ್ ಗೊತ್ತಲ್ಲ, ಟ್ಯಾಕ್ಸಿಗಳ ತಂತಿ ಕೆಲಸ ಮಾಡುವವನು, ಅವನೂ ಹೆಂಡತಿ ಜೊತೆ ಹತ್ತುತ್ತಿದ್ದ. ಬಂದು ಮುಚ್ಚಳ ತೆಗೆದ. ಒಳಗೆ ಮೇಣ ಬಿಸಿಗೆ ಕರಗಿ ಪಾಯಿಂಟಿಗೆಲ್ಲ ಮೆತ್ತಿಕೊಂಡು ಕಿಡಿಯೇ ಹಾರದ ಹಾಗಾಗಿತ್ತು. ಹೆಂಡತಿಯನ್ನು ಕರೆದು ತೋರಿಸಿದ, ಹತ್ತುತ್ತಿದ್ದ ಇನ್ನಿಬ್ಬರನ್ನೂ ಕರೆದು ತೋರಿಸಿದ. 'ಅಮ್ಮಾ, ದೊನ್ಯಾ ಎರ್ಮಿನಿಯಾ, ಇದು ಪಾಯಿಂಟು, ಕಿವಿಯೋಲೆ ಅಲ್ಲ! ಮದುವೆಗೆ ಹೊರಟ ಹಂಗಿದೆ!' ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ತಾಸ್ಕೊದಲ್ಲಿ ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಯಾರೂ ಹೀಗೆ ಮಾಡಿರಲಿಕ್ಕಿಲ್ಲವಂತೆ. ಆಮೇಲೆ ಒರೆಸಿ, ಊರಿನ ತನಕ ಇಳಿಸಿಕೊಟ್ಟು ಹೇಳಿದ: 'ಇದನ್ನ ಬಿಸಾಕಿ. ಎಲೆಕ್ಟ್ರಾನಿಕ್ ಹಾಕ್ತೀನಿ. ಗ್ಯಾಪ್ ಇಲ್ಲ, ಸವೆಯೋದಿಲ್ಲ, ಯಾರೂ ಮುಟ್ಟೋದೇ ಬೇಡ. ಹಾಕಿ ಮರೆತುಬಿಡಿ.'

ಯಾರೂ ಮುಟ್ಟುವುದು ಬೇಡ ಅಂದರೆ ಯಾರೂ ಬರುವುದೂ ಬೇಡ. ಮಂಗಳವಾರ ಬೇಡ ಅಂದೆ. ಬುಧವಾರ ಯೋಚಿಸುತ್ತೇನೆ ಅಂದೆ. ಗುರುವಾರ ಪೊಸೋಲೆ ತಿನ್ನುತ್ತ ತೋನ್ಯಾ ಬಟ್ಟಲು ಕೆಳಗಿಟ್ಟು, 'ಆ ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟಿದ್ದೀಯಾ, ಕೋಳ ಹಾಕಿದ್ದೀಯಾ?' ಎಂದು ಕೇಳಿಬಿಟ್ಟಳು. ಎದ್ದು ಹೋಗೆ ಅಂದೆ. ಹೋಗಲಿಲ್ಲ, ಇನ್ನೊಂದು ಸೌಟು ಹಾಕಿಕೊಂಡಳು. ಅವಳು ಹೋದ ಮೇಲೆ ಬೆರಳು ಮಡಿಸಿ ನೋಡಿದೆ. ನಿನಗೆ ಮೂವತ್ತೇಳು. ಆರು ವರ್ಷ ಒಂದು ಹೆಬ್ಬೆರಳಗಲದ ತಗಡಿಗಾಗಿ ನೋಯುವ ಬೆನ್ನು ಹೊತ್ತುಕೊಂಡು ಬಸ್ಸಿನಲ್ಲಿ ಬಂದಿದ್ದೀಯ. ಆಗಸ್ಟಿನಲ್ಲಿ ಬರಲಿಲ್ಲವೆಂದರೆ, ಬರಲಾರೆ ಎಂದು ನನಗೆ ಹೇಳಲು ನಿನಗೆ ನಾಚಿಕೆಯಾಗಿದೆ ಎಂದು ಆಗ ಹೊಳೆಯಿತು. ನೀನು ನನ್ನ ಸ್ಕ್ರೂ ವಿಷಯ ಹೇಳದೆ ನನ್ನ ಮಾನ ಉಳಿಸಿದವನು. ಈ ಸಲ ಹೇಳುವ ಕಷ್ಟ ನಿನಗೆ ಕೊಡಬಾರದು.

ಶುಕ್ರವಾರ ಬೆಳಿಗ್ಗೆ ಕ್ರಿಸ್ಪೀನ್ ಬಂದ. ಎರಡು ಕ್ಲಿಪ್ ಬಿಚ್ಚಿದ, ಮುಚ್ಚಳ ಸರಿಸಿದ. ಪಾಯಿಂಟ್, ಅದರ ಜೊತೆಯ ಕಂಡೆನ್ಸರ್ ಎರಡನ್ನೂ ಕಿತ್ತು ಬಟ್ಟೆಯ ಮೇಲೆ ಇಟ್ಟ. ಆ ಜಾಗದಲ್ಲಿ ಅರ್ಧ ಬೆಂಕಿಪೊಟ್ಟಣದಷ್ಟು ಕಪ್ಪು ಪೆಟ್ಟಿಗೆ, ನಡುವಿನ ಕಂಬಕ್ಕೆ ಅಯಸ್ಕಾಂತದ ಬಳೆ. ಎರಡೇ ತಂತಿ, ಕೆಂಪು ಕಾಯಿಲ್‌ನ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಅದಲು ಬದಲಾದರೆ ಪೆಟ್ಟಿಗೆ ಸುಟ್ಟುಹೋಗುತ್ತದೆ ಎಂದು ಅವನೇ ಬಾಯಿ ಬಿಟ್ಟ, ಅವನ ತಪ್ಪು. ಕೆಂಪು ಪ್ಲಸ್ಸಿಗೇ ತಾನೇ, ಪ್ಲಸ್ಸು ಇದೇ ತಾನೇ, ಸರಿಯಾಗಿ ನೋಡಿದೆಯಾ ಎಂದು ಕೇಳಿದೆ. 'ದೊನ್ಯಾ, ಇನ್ನೊಂದ್ಸಲ ಕೇಳಿದ್ರೆ ನಾನೇ ಉಲ್ಟಾ ಹಾಕ್ಬಿಡ್ತೀನಿ' ಅಂದ. ಆಮೇಲೆ ಕಣ್ಣಲ್ಲೇ ಕೇಳಿದೆ.

ಕೀಲಿ ತಿರುಗಿಸಿ ಎಂದ. ಕೂತೆ, ತಿರುಗಿಸಿದೆ. ಅರ್ಧ ಸುತ್ತಿಗೇ ಎದ್ದಳು ಎಲಿಸೆಯೋ. ಮೂರು ಸಲ ಕೆಮ್ಮಬೇಕಿತ್ತಲ್ಲ, ಆ ಕೆಮ್ಮಿನ ನಡುವೆ ನಾನೂ ನಿನ್ನ ಹಾಗೆ 'ಬಾ ಹೆಣ್ಣೇ, ಬಾ' ಅನ್ನುತ್ತಿದ್ದೆನಲ್ಲ. ಅನ್ನುವುದಕ್ಕೆ ಅವಳು ಹೊತ್ತೇ ಕೊಡಲಿಲ್ಲ. ಬಾಯಿ ತೆರೆದದ್ದು ಹಾಗೇ ಉಳಿಯಿತು. ಸಂಜೆ ಗುಡ್ಡದ ಆ ತಿರುವಿನ ತನಕ ಹೋಗಿ ಬಂದೆ, ಬೆಣ್ಣೆಯ ಹಾಗೆ ಹತ್ತಿದಳು. ಎಂಜಿನ್ ನಿಲ್ಲಿಸಿ ಕೀಲಿ ಮಾತ್ರ ಹಾಕಿಡಬಾರದಂತೆ, ಪೆಟ್ಟಿಗೆ ಸುಡುತ್ತದಂತೆ. ಅದಕ್ಕೆ ಶನಿವಾರದ ಬೆಳ್ಳಿ ಸಂತೆಯಲ್ಲಿ ಕಾರೊಳಗೆ ಕೂತು ರೇಡಿಯೋ ಕೇಳುವುದು ಬಿಟ್ಟೆ, ಆದರೂ ನಿನ್ನೆ ಮೂರು ಸಲ ಎದ್ದು ಹೋಗಿ ಕೀಲಿ ನೋಡಿ ಬಂದೆ. ಇನ್ನೊಂದು ಮಾತು ಹೇಳಿದ. ಪಾಯಿಂಟ್ ಹೋಗುವ ಮುಂಚೆ ತಿಂಗಳುಗಟ್ಟಲೆ ಕೆಮ್ಮಿ ಹೇಳುತ್ತದೆ, ಇದು ಹೋದರೆ ಒಂದೇ ಸಲಕ್ಕೆ ಹೋಗುತ್ತದೆ, ಹಳೆಯದನ್ನು ಕಾರಿನಲ್ಲೇ ಇಟ್ಟಿರಿ ಎಂದ. ನಾನು ಬಟ್ಟೆ ಹಗ್ಗದ ಕಡೆ ನೋಡಿದೆ, ಅವನಿಗೆ ಗೊತ್ತಾಗಲಿಲ್ಲ. ಹಳೆಯದು ಬಿಸ್ಕತ್ತಿನ ಡಬ್ಬಿಯಲ್ಲಿದೆ, ಆ ಕರೆಯೋಲೆ ಚೂರೂ ಅದರಲ್ಲೇ. ಚೂರನ್ನು ಈ ಲಕೋಟೆಗೆ ಹಾಕಿದ್ದೆ. ಲಕೋಟೆಯನ್ನು ಫೋನ್ ಎತ್ತಿದ ಆಕೆ ತೆರೆದರೆ ಏನೆಂದುಕೊಂಡಾಳು ಎಂದು ತೆಗೆದೆ. ಪುನಃ ಹಾಕಿ ಪುನಃ ತೆಗೆದೆ. ಡಬ್ಬಿಯಲ್ಲಿದೆ.

ಹಾಗಾಗಿ ವಿಷಯ ಇಷ್ಟೇ. ಕಾರಿಗೆ ಇನ್ನು ನೀನು ಬರಬೇಕಾಗಿಲ್ಲ. ನವೆಂಬರ್ ಬಂತು, ಅತ್ತೆ ಕಾಯುತ್ತಾಳೆ ಎಂದು ಬಸ್ಸಿನ ಹೊತ್ತು ನೋಡಬೇಡ. ನಿನ್ನ ಮನೆಯಲ್ಲಿ ಫೋನ್ ಎತ್ತುವವರಿದ್ದಾರೆ, ಮೀನು ಹುರಿಯುವವರಿದ್ದಾರೆ, ನನಗೆ ಸಮಾಧಾನ, ನಿಜವಾಗಿ ಸಮಾಧಾನ. ಇಮೆಲ್ಡಾಳಿಗೂ ಇರುತ್ತದೆ. ಅವಳ ಹೆಸರು ಬರೆದೆ ನೋಡು, ಈ ಕಾಗದದಲ್ಲಿ ಇಷ್ಟು ಸಲ. ಆರು ವರ್ಷದಲ್ಲಿ ನಿನ್ನೆದುರು ಒಂದು ಸಲವೂ ಹೇಳಿರಲಿಲ್ಲ.

ಬಿಸಿಲಿಗೆ ಟೋಪಿ ಹಾಕಿಕೊ. ಎಂಜಿನ್ ಒಬ್ಬನೇ ಎತ್ತಬೇಡ. ನಮ್ಮ ಸಾಂತಾ ಪ್ರಿಸ್ಕಾ ನಿನ್ನ ಬೆನ್ನನ್ನೂ ಕೈಗಳನ್ನೂ ಆ ಮನೆಯ ಒಲೆಯನ್ನೂ ಕಾಯಲಿ. ತೋನ್ಯಾ ಕೇಳಿದಳೆಂದು ತಿಳಿಸು ಅಂದಳು, ಏನೋ ಕೆಟ್ಟ ಮಾತೂ ಅಂದಳು, ಅದನ್ನು ಬರೆಯುವುದಿಲ್ಲ.

ನಿನ್ನ ಅತ್ತೆ,
ಎರ್ಮಿನಿಯಾ ಬಾಏನಾ

ತಾ. ಕ.: ಸೋಮವಾರ ಬೆಳಿಗ್ಗೆ. ಅಂಚೆಯವನು ಓಣಿಯ ಕೆಳಗಿದ್ದಾನೆ, ಬೇಗ ಬರೆಯುತ್ತೇನೆ. ಎಲೆಕ್ಟ್ರಾನಿಕ್ ಹಾಕಿದರೆ ಎಲ್ಲ ಮುಗಿಯಿತಾ, ಬೇರೆ ಏನೂ ನೋಡಬೇಕಾಗಿಲ್ಲವಾ ಎಂದು ಕ್ರಿಸ್ಪೀನ್‌ನನ್ನು ಕೇಳಿದೆ. ಅವನು ನನ್ನ ಮುಖ ಒಂದು ಗಳಿಗೆ ನೋಡಿ, 'ವಾಲ್ವ್ ಇದೆಯಲ್ಲ ದೊನ್ಯಾ' ಅಂದ. ವಾಲ್ವಿನ ಗ್ಯಾಪ್ ಎಲೆಕ್ಟ್ರಾನಿಕ್ ನೋಡಿಕೊಳ್ಳುವುದಿಲ್ಲವಂತೆ. ಈ ಗುಡ್ಡದ ಓಡಾಟಕ್ಕೆ ಮೂರು ತಿಂಗಳಿಗೊಮ್ಮೆ ಕೈಯಿಂದಲೇ ಸರಿಮಾಡಬೇಕಂತೆ. ನೀನು ಮಾಡು ಅಂದರೆ ತನಗೆ ಪುರುಸೊತ್ತಿಲ್ಲ ಅಂದ, ಸುಳ್ಳ. ಕರೆಯೋಲೆ ಚೂರು ಅದಕ್ಕೆ ದಪ್ಪವಾಗುತ್ತದೆ, ನಿನ್ನ ತಗಡು ತಾ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಆಗಬೇಕಾದ ಕೆಲಸವಂತೆ, ಅಂದರೆ ಬೆಳಗಾಗೆದ್ದ ಕೂಡಲೇ, ಅಂದರೆ ಹಿಂದಿನ ಸಂಜೆಯೇ ಬಂದು ಉಳಿಯಬೇಕು. ಫೋನ್ ಇಟ್ಟವಳು ನಾನೇ ಎಂದು ಆಕೆಗೆ ಹೇಳು, ಒರಟುತನವಲ್ಲ, ಗಾಬರಿ. ಆಕೆಗೆ ಹುಳ ತಿನ್ನಿಸುವುದಿಲ್ಲ ಎಂದೂ ಹೇಳು. ನನ್ನ ದೊಡ್ಡ ಮಂಚಕ್ಕೆ ಬೇರೆ ಹೊದಿಕೆ ಹಾಕಿದ್ದೇನೆ, ನಾನು ಇಮೆಲ್ಡಾಳ ಮಂಚದಲ್ಲಿ ಮಲಗುತ್ತೇನೆ. ಬುಧವಾರ ಸಂಜೆ ಇಬ್ಬರೂ ಬನ್ನಿ.